ಹೊಸ ಅಳಗುಳಿಮಣೆ

ನನ್ನ ಅಕ್ಕನ ಮಗಳು ಫ್ಲೂ ಜ್ವರಕ್ಕೆ ಮದ್ದು ಹುಡುಕುವ ಪ್ರಯೋಗಾಲಯವೊಂದರಲ್ಲಿದ್ದಾಳೆ. ಹಳಗನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ನನಗೆ ಅವಳ ವಿದ್ಯೆ ಬಲು ದೂರ. ಆದರೂ ಹೋದ ಭಾನುವಾರ ಅವಳು ಫೋನಿನಲ್ಲಿ ತೋರಿಸಿದ ಚಿತ್ರ ಕೂಡಲೇ ಅರ್ಥವಾಯಿತು. ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ 96 ಗುಳಿ. ನಮ್ಮ ಅಳಗುಳಿಮಣೆಯ ಮರಿಮಗಳು!

ಗುಳಿಗಳ ತಳದಲ್ಲಿ ನಾಯಿಯ ಮೂತ್ರಪಿಂಡದ ಜೀವಕೋಶಗಳನ್ನು ಹಾಸಿನಂತೆ ಬೆಳೆಸುತ್ತಾರೆ. 1958ರಲ್ಲಿ ಒಂದು ಸ್ಪೇನಿಯಲ್ ನಾಯಿಯಿಂದ ತೆಗೆದ ಕೋಶಗಳ ಸಂತತಿ ಅದು. ನಾಯಿ ಎಂದೋ ಸತ್ತಿತು. ಅದರ ಮೂತ್ರಪಿಂಡ ಮಾತ್ರ ದೇಶದೇಶಗಳಲ್ಲಿ ಬಾಳುತ್ತಿದೆ. ಆ ಹಾಸಿನ ಮೇಲೆ ವೈರಸ್ಸು, ಜೊತೆಗೆ ಪರೀಕ್ಷಿಸಬೇಕಾದ ಪದಾರ್ಥ. ಮೂರು ದಿನ ಬಿಟ್ಟು ನೇರಳೆ ಬಣ್ಣ ಹಾಕಿ ತೊಳೆದರೆ, ಕೋಶ ಬದುಕಿದ ಗುಳಿ ನೇರಳೆ, ಸತ್ತ ಗುಳಿ ಬರಿದು. ಮದ್ದೇ ಕೋಶವನ್ನು ಕೊಂದರೆ? ಅದನ್ನು ತಿಳಿಯಲು ವೈರಸ್ಸಿಲ್ಲದ ಸಾಲಿಗೂ ಅದೇ ಮದ್ದು. 1966ರಲ್ಲಿ ಅಮೆರಿಕ ಒಪ್ಪಿದ ಅಮಾಂಟಡೀನನ್ನು ವೈರಸ್ಸು ಈಗ ಲೆಕ್ಕಕ್ಕಿಡುವುದಿಲ್ಲ. ಹುಡುಕಾಟ ನಿಲ್ಲದಿರುವುದು ಅದಕ್ಕೇ.

ಈ ಬಾರಿ ಒಂದು ಸಾಲಿಗೆ ಅಮ್ಮನ ಕಷಾಯ ಹಾಕಿದ್ದಳು. ಶುಂಠಿ, ಮೆಣಸು, ತುಳಸಿ, ಅಮೃತಬಳ್ಳಿ. ಅಮ್ಮನೇ ಬಾಟಲಿಗೆ ತುಂಬಿ ಕಳಿಸಿದ್ದು. ಗಟ್ಟಿಯಾಗಿ ಹಾಕಿದಲ್ಲಿ ವೈರಸ್ಸಿಲ್ಲದೆಯೂ ಕೋಶಗಳು ಸತ್ತಿದ್ದುವು. ತೆಳುವಾಗಿಸಿದಲ್ಲಿ ವೈರಸ್ಸು ಕೊಂದಿತ್ತು. ಪಕ್ಕದ ಸಾಲಿನಲ್ಲಿ, ಒಸೆಲ್ಟಾಮಿವಿರ್ ಇದ್ದಲ್ಲಿ, ಸೊಗಸಾದ ನೇರಳೆ.

2009ರಲ್ಲಿ, ಆ ಎಚ್‌1ಎನ್‌1 ಹಾವಳಿಯಲ್ಲಿ, ಅಪ್ಪನಿಗೆ ಜ್ವರ ಬಂತು. “ಎರಡು ದಿನ ಕಷಾಯ ಕುಡಿಯಲಿ, ನೋಡೋಣ” ಎಂದವಳು ಅಮ್ಮ. ಹೂಗುಟ್ಟಿದವನು ನಾನು. ಆ ಮಾತ್ರೆಯನ್ನು 48 ಗಂಟೆಯೊಳಗೆ ಕೊಟ್ಟರೇ ಹೆಚ್ಚು ಫಲ. ನಾವು ಆಸ್ಪತ್ರೆಗೆ ಹೋದದ್ದು ನಾಲ್ಕನೆಯ ದಿನ. ಅಪ್ಪ ಮನೆಗೆ ಮರಳಲಿಲ್ಲ.

“ಅಜ್ಜಿಗೆ ಏನು ಹೇಳಲಿ, ಮಾವ?” ಎಂದು ಹುಡುಗಿ ಕೇಳುವಷ್ಟರಲ್ಲಿ ಅಮ್ಮನೇ ಬಂದು, “ನನ್ನ ಕಷಾಯ ಪಾಸೋ ಫೇಲೋ?” ಎಂದಳು.

ನಾನಾಗಿದ್ದರೆ ಮಾತು ತೇಲಿಸುತ್ತಿದ್ದೆ. ಅವಳು ಮುಚ್ಚಿಡಲಿಲ್ಲ. ಆದರೆ ಇನ್ನೊಂದನ್ನೂ ಹೇಳಿದಳು: ನುಂಗುವ ಒಸೆಲ್ಟಾಮಿವಿರ್ ಕೂಡ ಯಕೃತ್ತಿನಲ್ಲಿ ಮಾರ್ಪಟ್ಟ ಮೇಲೆಯೇ ಮದ್ದಾಗುವುದು, ತಟ್ಟೆಗೆ ತಾವು ಹಾಕಿದ್ದು ಆ ಮಾರ್ಪಟ್ಟ ರೂಪವನ್ನೇ. ತಟ್ಟೆಗೆ ಹೊಟ್ಟೆಯಿಲ್ಲ, ಯಕೃತ್ತಿಲ್ಲ. ಅದು ಎಲ್ಲವನ್ನೂ ಹೇಳಲಾರದು.

ಅಮ್ಮ ಈ ಸಂದಿನಲ್ಲಿ ನುಸುಳಿಕೊಳ್ಳಲಿ ಎಂದು ಆಸೆಪಟ್ಟೆ. ಅವಳು ನುಸುಳಿದರೆ ನನಗೂ ಅಲ್ಲಿ ಜಾಗವಿತ್ತು.

ಅಮ್ಮ ಕನ್ನಡಕ ಹಾಕಿಕೊಂಡು ಚಿತ್ರವನ್ನು ಬಹಳ ಹೊತ್ತು ನೋಡಿದಳು.

“ಈ ನೇರಳೆ ಸಾಲು ಯಾವುದೇ?”

“ಅದು ಆ ಮಾತ್ರೆ, ಅಜ್ಜಿ.”

“ಆವಾಗ ಇದು ಇತ್ತೇನೋ?” ಎಂದು ನನ್ನತ್ತ ತಿರುಗಿದಳು.

“ಇತ್ತಮ್ಮ” ಎಂದೆ.