ಹೊಕ್ಕುಳಿಗೆ ಎಂಥಾ ನಾಚಿಕೆ?

ಬೆಂಗಳೂರಿಂದ ರಜೆಗೆ ಅರ್ಗಾಕ್ಕೆ ಹೋದವನು ಮೂರು ದಿನ ಹೊಕ್ಕುಳ ಮುಚ್ಚಿಕೊಂಡೇ ಓಡಾಡಿದೆ. ಕೆಂಪಗೆ ಊದಿ, ವಾಸನೆ ಬೇರೆ. ಯಾರಿಗೆ ಹೇಳೋದು? ಬ್ಯಾಗಲ್ಲಿ ಉಳಿದಿದ್ದ ಯಾವುದೋ ಆಂಟಿಬಯಾಟಿಕ್ ನುಂಗಿದೆ. ನಾಲ್ಕನೇ ದಿನ ಚಳಿಜ್ವರ. ಆಯಿ ಅಂಗಿ ಎತ್ತಿ ನೋಡಿದಳು.

"ಕೀವು ತುಂಬಿದೆ. ಎಣ್ಣೆ-ಅರಿಶಿನಕ್ಕೆ ಬಗ್ಗೋದಲ್ಲ ಇದು, ನಡಿ ಕಾರವಾರಕ್ಕೆ. ಆ ಬಳ್ಳಿ ನಂಗೇ ಅಂಟಿತ್ತಲ್ಲ ಮಾರಾಯ, ನನ್ನ ಹತ್ರ ಎಂಥಾ ನಾಚಿಕೆ?"

ಡಾಕ್ಟರು ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಸಣ್ಣಗೆ ಕೊಯ್ದು ಕೀವು ತೆಗೆದರು. ಕೀವು ಗೂಡುಕಟ್ಟಿದ ಮೇಲೆ ಬರೀ ಮಾತ್ರೆ ಸಾಲದು, ಹೊರಗೆ ಬಿಡಲೇಬೇಕು. ನಾವೇ ಹಿಂಡಿದರೆ ಸೋಂಕು ಹರಡುತ್ತೆ ಅಂದರು. ಬೆವರು, ಕೂದಲು, ಕೊಳೆ ಸೇರಿದರೆ ಸಾಕಂತೆ. ಸಕ್ಕರೆ ಕಾಯಿಲೆ ಇದೆಯಾ ಅಂತ ರಕ್ತವನ್ನೂ ನೋಡಿದರು. ಮತ್ತೆ ಬಂದರೆ ಸ್ಕ್ಯಾನ್: ತಾಯಿಯ ಹೊಟ್ಟೆಯಲ್ಲಿದ್ದಾಗ ಮೂತ್ರಕೋಶದಿಂದ ಹೊಕ್ಕುಳಿಗಿದ್ದ ನಾಳ ಕೆಲವರಲ್ಲಿ ಪೂರ್ತಿ ಮುಚ್ಚಿರೋದಿಲ್ಲ.

ಹೊಕ್ಕುಳ ಕೆಂಪಾಗಿ ನೋವಿದ್ದು ಜ್ವರ ಬಂದರೆ ಅವತ್ತೇ ಡಾಕ್ಟರ ಹತ್ರ ಹೋಗಿ. ನಾನು ಕಳೆದ ಮೂರು ದಿನ ನೀವು ಕಳೀಬೇಡಿ.

ಈಗ ಆಯಿ ಫೋನಲ್ಲಿ "ಊಟ ಆಯ್ತಾ?" ಅನ್ನೋ ಮೊದಲೇ ಕೇಳ್ತಾಳೆ: "ಮಿಂದು ಹೊಕ್ಕುಳ ಒರೆಸ್ಕೊಂಡ್ಯಾ?"