ಅಟ್ಟವಿಲ್ಲದ ಮನೆಗಳು: ನಡು ಪೋರ್ಚುಗಲ್‌ನ ಬೆಟ್ಟಗಳಲ್ಲಿ ಬದಲಾದ ಶರತ್ಕಾಲ

ಪೋರ್ಚುಗಲ್‌ನ ನಡುಭಾಗದಲ್ಲಿ, ಕೊಯಿಂಬ್ರಾ ನಗರದ ಆಚೆಗೆ ಏರುತ್ತ ಹೋಗುವ ಲೋಜಾ ಮತ್ತು ಅಸೋರ್ ಬೆಟ್ಟಸಾಲುಗಳ ಹಳ್ಳಿಮನೆಗಳನ್ನು ಬರಿಯ ವಾಸದ ಕಟ್ಟಡಗಳೆಂದು ನೋಡಿದರೆ ಅವುಗಳ ಅರ್ಧ ಉಪಯೋಗ ಕಣ್ತಪ್ಪಿ ಹೋಗುತ್ತದೆ. ಶಿಸ್ಟ್ ಎಂಬ, ಪದರು ಪದರಾಗಿ ಸೀಳುವ ಕಂದುಗಲ್ಲನ್ನು ಜೇಡಿಮಣ್ಣಿನಲ್ಲಿ ಕೂರಿಸಿ ಎಬ್ಬಿಸಿದ ಈ ಮನೆಗಳ ಕೆಳ ಅಂತಸ್ತು ಆಡು, ಹಂದಿ ಮತ್ತು ವೈನ್ ಪೀಪಾಯಿಗಳಿಗೆ ಮೀಸಲಾಗಿದ್ದು, ಜನ ಮೇಲಂತಸ್ತಿನಲ್ಲಿರುತ್ತಿದ್ದರು. ಅಡುಗೆಕೋಣೆಗೆ ಹೊಗೆಗೂಡು ಇಲ್ಲದ್ದರಿಂದ ಒಲೆಯ ಹೊಗೆ ಸೂರಿನ ಸಂದುಗಳಲ್ಲೇ ದಾರಿ ಹುಡುಕಿಕೊಳ್ಳುತ್ತಿತ್ತು. ಕಣ್ಣುರಿಸುವ ಈ ಏರ್ಪಾಟಿನ ಹಿಂದೆ ಲೆಕ್ಕಾಚಾರವಿತ್ತು. ಒಲೆಯ ನೆತ್ತಿಯ ಮೇಲೆ ಮರದ ಪಟ್ಟಿಗಳನ್ನು ಎಡೆಬಿಟ್ಟು ಜೋಡಿಸಿದ ‘ಕನೀಸು’ ಎಂಬ ಅಟ್ಟದಲ್ಲಿ ಚೆಸ್ಟ್‌ನಟ್ ಕಾಯಿಗಳು ವಾರಗಟ್ಟಲೆ ಹೊಗೆಗೆ ಒಣಗಿ ಚಳಿಗಾಲಕ್ಕೆ ಉಳಿಯುವ ಆಹಾರವಾಗುತ್ತಿದ್ದವು, ಅದೇ ಹೊಗೆಯಲ್ಲಿ ಹಂದಿಮಾಂಸದ ಸಾಸೇಜುಗಳೂ ಹದಗೊಳ್ಳುತ್ತಿದ್ದವು. ಮಲೆನಾಡಿನ ಒಲೆಯ ಮೇಲಿನ ಅಟ್ಟವನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಶರತ್ಕಾಲವೆಂದರೆ ಇಲ್ಲಿ ಸೆಪ್ಟೆಂಬರ್‌ನಿಂದ ನವೆಂಬರ್ ಕೊನೆಯವರೆಗಿನ ಅವಧಿ. ‘ವಿಂದೀಮಾ’ ಎಂಬ ದ್ರಾಕ್ಷಿ ಕೊಯ್ಲು ಮೊದಲು ಮುಗಿಯುತ್ತಿತ್ತು. ಬಳಿಕ ಬೆಟ್ಟದ ಇಳಿಜಾರಿನ ಮೆಟ್ಟಿಲು ಹೊಲಗಳ ಮುಸುಕಿನ ಜೋಳವನ್ನು ಕಣಕ್ಕೆ ತಂದು, ನೆರೆಹೊರೆಯವರೆಲ್ಲ ರಾತ್ರಿ ಕೂತು ತೆನೆ ಸುಲಿಯುತ್ತಿದ್ದರು. ಈ ಸುಲಿಗೆಯ ರಾತ್ರಿಗೆ ‘ದೆಸ್‌ಫೊಲ್ಯಾದಾ’ ಎಂದು ಹೆಸರು. ಕೆಂಪು ತೆನೆ ಸಿಕ್ಕವನಿಗೆ ಸುತ್ತ ಕುಳಿತವರನ್ನೆಲ್ಲ ಅಪ್ಪಿಕೊಳ್ಳುವ ಹಕ್ಕು ದೊರೆಯುತ್ತಿದ್ದುದರಿಂದ ಯುವಕರು ಆ ಕೆಲಸಕ್ಕೆ ಕರೆಯುವ ಮೊದಲೇ ಬರುತ್ತಿದ್ದರಂತೆ. ನವೆಂಬರ್ 11ರ ಸಂತ ಮಾರ್ಟಿನ್ ಹಬ್ಬದಂದು ಚೆಸ್ಟ್‌ನಟ್ ಸುಟ್ಟು ತಿಂದು ಹೊಸ ವೈನಿನ ರುಚಿ ನೋಡಿದ ಮೇಲೆ ಉಳಿಯುತ್ತಿದ್ದುದು ಆಲಿವ್ ಕೊಯ್ಲು ಮಾತ್ರ. ಕೈಗಳ ಸಂಖ್ಯೆ ದೊಡ್ಡದಾಗಿದ್ದರೆ ಮಾತ್ರ ಈ ಸರಣಿ ನಡೆಯುತ್ತಿತ್ತು, ಮೊದಲು ಕಡಿಮೆಯಾದದ್ದೂ ಕೈಗಳೇ.

ಅದಕ್ಕೆ ಒಂದೇ ಕಾರಣವಿರಲಿಲ್ಲ. 1938ರ ಅರಣ್ಯೀಕರಣ ಯೋಜನೆಯಡಿ ಅಂದಿನ ಸರ್ವಾಧಿಕಾರಿ ಸರ್ಕಾರವು ‘ಬಲ್ದಿಯೂ’ ಎಂಬ ಊರೊಟ್ಟಿನ ಗೋಮಾಳಗಳಲ್ಲಿ ಪೈನ್ ನೆಡಿಸಿದಾಗ ಆಡು ಕುರಿಗಳಿಗೆ ಮೇವಿನ ಜಾಗ ತಪ್ಪಿತು, ಮೇವು ತಪ್ಪಿದಲ್ಲಿ ಗೊಬ್ಬರ ತಪ್ಪಿ ಮೆಟ್ಟಿಲು ಹೊಲಗಳೂ ಬಡವಾದವು. 1960ರ ದಶಕದಲ್ಲಿ ಬಡತನಕ್ಕೂ, ಆಫ್ರಿಕದ ವಸಾಹತುಗಳಲ್ಲಿ 1961ರಿಂದ 1974ರವರೆಗೆ ನಡೆದ ಯುದ್ಧದ ಕಡ್ಡಾಯ ಸೈನ್ಯಸೇವೆಗೂ ಬೆನ್ನು ತೋರಿಸಿ ಲಕ್ಷಾಂತರ ಜನ ಫ್ರಾನ್ಸಿಗೆ ಹೋದರು. ಮುಂದೆ ದುಡ್ಡು ಮಾಡಿಕೊಂಡು ರಜೆಗೆ ಬಂದವರು ಹಳೆಯ ಮನೆಯನ್ನು ಮುಟ್ಟದೆ ಅದರ ಪಕ್ಕದಲ್ಲೇ ಇಟ್ಟಿಗೆ ಸಿಮೆಂಟಿನ ಹೊಸ ಮನೆ ಕಟ್ಟಿದರು. ಕಲ್ಲುಮನೆಯೆಂದರೆ ಅವರಿಗೆ ಹೊಗೆ ಮತ್ತು ಹಸಿವು, ಸಿಮೆಂಟೆಂದರೆ ಗೆದ್ದು ಬಂದ ಗುರುತು. ಈ ಕಟ್ಟಡಗಳನ್ನು ಕುರೂಪವೆಂದು ಹೀಗಳೆಯುವ ಪ್ರವಾಸಿ ಬರಹಗಳಲ್ಲಿ ಈ ಸರಳ ಸಂಗತಿಗೆ ಜಾಗ ಸಿಗುವುದು ಕಡಿಮೆ.

ಖಾಲಿ ಬಿದ್ದ ಕಲ್ಲುಮನೆಗಳನ್ನು 1980ರ ದಶಕದಿಂದೀಚೆಗೆ ಕೊಳ್ಳತೊಡಗಿದವರಲ್ಲಿ ಬ್ರಿಟಿಷರು, ಡಚ್ಚರು, ಜರ್ಮನ್ನರು ಹೆಚ್ಚು. ಕೊಳ್ಳುವುದೂ ಸುಲಭವಲ್ಲ: ಕಟ್ಟಡಕ್ಕೂ ಸುತ್ತಲಿನ ಹೊಲಕ್ಕೂ ‘ಉರ್ಬಾನು’, ‘ರೂಸ್ತಿಕು’ ಎಂಬ ಬೇರೆ ಬೇರೆ ಖಾತೆಗಳಿದ್ದು, ಆಸ್ತಿ ತಲೆಮಾರುಗಳುದ್ದಕ್ಕೂ ಮಕ್ಕಳಿಗೆಲ್ಲ ಹಂಚಿಹೋಗಿರುವುದರಿಂದ ಒಂದು ಕುಸಿದ ಗೋಡೆಗೆ ನಾಲ್ಕಾರು ಊರುಗಳಲ್ಲಿ ಹಕ್ಕುದಾರರಿರುತ್ತಾರೆ, ಸಣ್ಣ ಹೊಲಗಳನ್ನು ಮಾರುವಾಗ ಪಕ್ಕದ ಹೊಲದವನಿಗೆ ಮೊದಲು ಕೊಳ್ಳುವ ಹಕ್ಕೂ ಇದೆ. ಇದೆಲ್ಲ ದಾಟಿ ಮನೆ ಕೈಗೆ ಬಂದವರ ಮೊದಲ ಶರತ್ಕಾಲ ಸೂರು ಮೊದಲೋ ಮಳೆ ಮೊದಲೋ ಎಂಬ ಪೈಪೋಟಿಯಲ್ಲಿ ಕಳೆಯುತ್ತದೆ. ಚೆಸ್ಟ್‌ನಟ್ ಮರದ ತೊಲೆಗಳು ಬಹುಕಾಲ ಬಾಳುತ್ತವೆಯಾದರೂ, ಹೆಂಚು ಸರಿದು ನೀರಿಳಿದ ಕಡೆ ಗೋಡೆಯೊಳಗಿನ ತುದಿಗಳು ಕೊಳೆತಿರುತ್ತವೆ. ಮಣ್ಣಿನ ಗಾರೆ ಕರಗಿ ಗೋಡೆಯ ಹೊಟ್ಟೆ ಉಬ್ಬಿರುತ್ತದೆ. ಅವಸರಕ್ಕೆ ಸಿಮೆಂಟಿನಿಂದ ಸಂದು ತುಂಬಿದರೆ ಗೋಡೆಯೊಳಗಿನ ತೇವ ಹೊರಬರಲಾರದೆ ಒಳಗೋಣೆಗಳಲ್ಲಿ ಬೂಷ್ಟು ಕಾಣಿಸುತ್ತದೆಂದು ತಿಳಿದ ಮೇಲೆ ಹಲವರು ಸುಣ್ಣದ ಗಾರೆಗೆ ಮರಳಿದರು. ಆದರೆ ಸುಣ್ಣವು ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುವ ವಸ್ತು. ಹಿಮ ಬೀಳುವ ರಾತ್ರಿಗಳಿಗೆ ಮುಂಚೆಯೇ ಅದು ಹದಗೊಳ್ಳಬೇಕಾದ್ದರಿಂದ ಗಾರೆಯ ಕೆಲಸಕ್ಕೂ ಅಕ್ಟೋಬರ್ ತಿಂಗಳೇ ಒದಗಬೇಕು.

ಅದೇ ಅಕ್ಟೋಬರ್ ತೋಟಕ್ಕೂ ಬೇಕು ಎಂಬುದೇ ಉತ್ತರ ಯೂರೋಪಿನಿಂದ ಬಂದವರು ಎಣಿಸದೆ ಇದ್ದ ತೊಡಕು. ಅವರ ನಾಡುಗಳಲ್ಲಿ ಶರತ್ಕಾಲ ಬೆಳೆಯ ಕೊನೆ. ಇಲ್ಲಿ ನೆಲ ಸುಟ್ಟು ಮಲಗುವುದು ಬೇಸಿಗೆಯಲ್ಲಿ, ಮೊದಲ ಮಳೆಗೆ ಇಳಿಜಾರುಗಳು ಹಸಿರಾಗುತ್ತವೆ, ಬೆಳ್ಳುಳ್ಳಿ, ಬಟಾಣಿ, ಫಾವಾ ಎಂಬ ದಪ್ಪಬೀಜದ ಅವರೆಗಳನ್ನು ನೆಲಕ್ಕೆ ಹಾಕಬೇಕಾದದ್ದು ಆಗಲೇ. ಸೂರಿನ ಮೇಲೆ ನಿಂತವರ ಕಣ್ಣೆದುರೇ ಬಿತ್ತನೆಯ ಹದ ಮೀರುತ್ತಿರುತ್ತದೆ. ಹಳ್ಳಿಯಲ್ಲಿ ಉಳಿದಿದ್ದ ಮುದುಕಿಯರು ಹಳದಿ ಜೋಳದ ‘ಬ್ರೋವಾ’ ರೊಟ್ಟಿಯನ್ನೋ, ಆಳೆತ್ತರಕ್ಕೆ ಬೆಳೆಯುವ ಕೋಸಿನ ಸಸಿಗಳನ್ನೋ ಹೊಸಬರಿಗೆ ಕೊಟ್ಟು ಹೋಗುತ್ತಿದ್ದುದು ಆ ಕಾಲದ ನೆನಪುಗಳಲ್ಲಿ ಪದೇ ಪದೇ ಬರುತ್ತದೆ.

ದುರಸ್ತಿಯಾದ ಮನೆಗಳು ಬೆಚ್ಚಗಾದವು, ಹೊಗೆಗೂಡು ಬಂತು, ಸೂರಿನಡಿ ಕಾರ್ಕ್ ಹಲಗೆ ಬಂತು. ಕನೀಸು ಮಾತ್ರ ಹೋಯಿತು, ಏಕೆಂದರೆ ಹೊಗೆ ನಿಲ್ಲದ ಮನೆಯಲ್ಲಿ ಅದಕ್ಕೆ ಕೆಲಸವಿಲ್ಲ. ಆಡುಗಳಿದ್ದ ಕೊಟ್ಟಿಗೆ ಮಲಗುವ ಕೋಣೆಯಾಯಿತು. ಗೋಡೆ ಉಳಿಸಿದವರನ್ನು ಇದಕ್ಕಾಗಿ ದೂರುವುದು ಸಲ್ಲದು. ಆದರೂ ತೋಟದ ಫಸಲು ಹೆಚ್ಚಾದ ವರ್ಷ ಅದನ್ನು ಒಣಗಿಸಲು ವಿದ್ಯುತ್ ಯಂತ್ರ ಕೊಳ್ಳಬೇಕಾಗಿ ಬಂದಾಗ, ರಕ್ಷಿಸಲ್ಪಟ್ಟದ್ದು ಮನೆಯ ಆಕಾರವೇ ಹೊರತು ಮನೆಯ ಕೆಲಸವಲ್ಲವೆಂಬುದು ತಾನೇ ಸ್ಪಷ್ಟವಾಗುತ್ತದೆ. ಯೂರೋಪಿಯನ್ ಒಕ್ಕೂಟದ ಹಣದಿಂದ 27 ಹಳ್ಳಿಗಳನ್ನು ‘ಶಿಸ್ಟ್ ಹಳ್ಳಿಗಳು’ ಎಂದು ಜೋಡಿಸಿ ಸಿಂಗರಿಸಿದ ಯೋಜನೆಗೂ ಈ ಮಾತು ಅನ್ವಯಿಸುತ್ತದೆ.

ಆಲಿವ್ ಒಂದು ಬೇರೆ ದಾರಿ ಹಿಡಿಯಿತು. ಹಿಂದೆ ಕಾಯಿಗಳನ್ನು ‘ತೂಲ್ಯಾ’ ಎಂಬ ತೊಟ್ಟಿಗಳಲ್ಲಿ, ಕೆಲವೊಮ್ಮೆ ಉಪ್ಪು ಬೆರೆಸಿ, ಗಾಣದ ಸರದಿ ಬರುವವರೆಗೆ ಕೂಡಿಡುತ್ತಿದ್ದರು. ಅಷ್ಟರಲ್ಲಿ ಹುಳಿತು ಬಿಸಿಯೇರಿದ ಕಾಯಿಯ ಎಣ್ಣೆಗೆ ಒಂದು ಘಾಟು ಇರುತ್ತಿತ್ತು, ಹಳಬರ ನಾಲಗೆಗೆ ಎಣ್ಣೆಯ ರುಚಿಯೆಂದರೆ ಅದೇ. ಕಲ್ಲಿನ ಗಾಣಗಳ ಜಾಗದಲ್ಲಿ ಎಣ್ಣೆಯನ್ನು ಗಿರ್ರನೆ ತಿರುಗಿಸಿ ಬೇರ್ಪಡಿಸುವ ಉಕ್ಕಿನ ಯಂತ್ರಗಳು ಬಂದ ಮೇಲೆ ಕೊಯ್ದ ಒಂದೆರಡು ದಿನಗಳಲ್ಲೇ ಅರೆಸುವುದು ರೂಢಿಯಾಯಿತು. ಆಮ್ಲೀಯತೆ ಶೇಕಡ 0.8 ಮೀರದ ಎಣ್ಣೆಗೆ ಮಾತ್ರ ‘ಎಕ್ಸ್‌ಟ್ರಾ ವರ್ಜಿನ್’ ಹೆಸರು ಸಲ್ಲುವುದರಿಂದ, ಹೊಸಬರು ಹುಡುಕುವುದು ಆ ಘಾಟಿಲ್ಲದ ಎಣ್ಣೆಯನ್ನು. ಗಾಣದವನು ಕೂಲಿಗೆ ಬದಲಾಗಿ ಎಣ್ಣೆಯ ಪಾಲನ್ನೇ ಇಟ್ಟುಕೊಳ್ಳುವ ‘ಮಕೀಯಾ’ ಪದ್ಧತಿ ಮಾತ್ರ ಹಲವೆಡೆ ಉಳಿದಿದೆ. ಕೆಲವೇ ಚೀಲ ತಂದವರ ಕಾಯಿಯನ್ನು ಪ್ರತ್ಯೇಕವಾಗಿ ಅರೆಯುವುದಿಲ್ಲವಾದ್ದರಿಂದ, ನೆರೆಯ ಎರಡು ಮೂರು ಮನೆಗಳು ಕಾಯಿ ಕೂಡಿಸಿ ಒಯ್ಯುತ್ತವೆ. ಪೋರ್ಚುಗೀಸ್ ಕುಟುಂಬಗಳೂ ಹೊರಗಿನವರೂ ಕಾಯಿ ಬೀಳಲೆಂದು ಮರದಡಿ ಹಾಸಿದ ಒಂದೇ ಬಲೆಯ ಸುತ್ತ ಕೆಲಸ ಮಾಡುವುದು ಈಗ ಬಹುಮಟ್ಟಿಗೆ ಈ ಕೊಯ್ಲಿನಲ್ಲಿ ಮಾತ್ರ.

2017ರ ಶರತ್ಕಾಲ ಈ ಎಲ್ಲ ಲೆಕ್ಕಗಳನ್ನೂ ಕೆಡಿಸಿತು. ಜೂನ್ 17ರಂದು ಪೆದ್ರೋಗಾಂವ್ ಗ್ರಾಂದೆಯಲ್ಲಿ ಹೊತ್ತಿದ ಕಾಡ್ಗಿಚ್ಚಿಗೆ 66 ಜನ ಬಲಿಯಾಗಿದ್ದರು. ಅಕ್ಟೋಬರ್ ಬಂದರೂ ಮಳೆ ಬರಲಿಲ್ಲ, 15ರಂದು ಒಫೀಲಿಯಾ ಚಂಡಮಾರುತದ ಗಾಳಿ ಬೀಸಿ ಅರ್ಗನೀಲ್, ಒಲಿವೇಯ್ರಾ ದೊ ಹಾಸ್ಪಿಟಲ್ ಸುತ್ತಿನ ಬೆಟ್ಟಗಳು ಒಂದೇ ದಿನದಲ್ಲಿ ಉರಿದು ಮತ್ತೆ 50ರಷ್ಟು ಜನ ಸತ್ತರು. ಪೈನ್ ಮತ್ತು ನೀಲಗಿರಿ ತೋಪುಗಳು ಅಂಗಳದವರೆಗೆ ಬಂದಿದ್ದುದೇ ಹಲವು ಮನೆಗಳಿಗೆ ಮೃತ್ಯುವಾಯಿತು. ಮನೆಯ ಸುತ್ತ 50 ಮೀಟರ್ ಪೊದೆ ತೆರವುಗೊಳಿಸಬೇಕೆಂಬ, ಕಾಗದದಲ್ಲಿ ಮಲಗಿದ್ದ 2006ರ ನಿಯಮವನ್ನು 2018ರಿಂದ ದಂಡ ಹಾಕಿ ಜಾರಿಗೆ ತರಲಾಯಿತು. ಪೈನ್, ನೀಲಗಿರಿಗಳ ತಲೆಗಳ ನಡುವೆ 10 ಮೀಟರ್ ಅಂತರವಿರಬೇಕು, ಉಳಿದ ಮರಗಳಿಗೆ ಕಡಿಮೆ ಸಾಕು, ಉತ್ತುಬಿತ್ತುವ ನೆಲಕ್ಕೆ ವಿನಾಯಿತಿಯೂ ಇದೆ. ಊರಿನ ಸುತ್ತ ಹಿಂದೆ ಇದ್ದದ್ದು ಇಂಥದೇ ಹೊಲ, ಆಲಿವ್, ಚೆಸ್ಟ್‌ನಟ್‌ಗಳ ಪಟ್ಟಿ. ಅದೇ 2018ರಲ್ಲಿ ಪೊದೆ ಮೇಯಿಸಲು ಆಡಿನ ಹಿಂಡುಗಳಿಗೆ ಧನಸಹಾಯ ಕೊಡುವ ಯೋಜನೆಯೂ ಬಂತು. ಅದಕ್ಕೆ ಎಂಬತ್ತು ವರ್ಷ ಮೊದಲು ಇದೇ ಇಳಿಜಾರುಗಳಿಂದ ಹಿಂಡುಗಳನ್ನು ಎಬ್ಬಿಸಿದ್ದು ಸರ್ಕಾರವೇ ಆದ್ದರಿಂದ, ಈಗ ಆಡು ಸಿಕ್ಕಷ್ಟು ಸುಲಭವಾಗಿ ಅದನ್ನು ಕಾಯಬಲ್ಲವರು ಸಿಗುತ್ತಿಲ್ಲವೆಂದರೆ ಅಚ್ಚರಿಪಡುವಂತಿಲ್ಲ.