ರಾಕ್ಷಸರ ಅಕ್ಷರಗಳು

ಹೊಸ ಭಾಷೆಯೊಂದನ್ನು ಕಟ್ಟಲು ಕೂತವರು ಸಾಮಾನ್ಯವಾಗಿ ಧ್ವನಿಗಳಿಂದ ಆರಂಭಿಸುತ್ತಾರೆ. ಗಂಟಲಿನಿಂದ ತುಟಿಯವರೆಗೆ ಉಸಿರನ್ನು ಎಲ್ಲೆಲ್ಲಿ ತಡೆಯಬಹುದು, ಎಲ್ಲಿ ಉಜ್ಜಬಹುದು ಎಂಬುದು ಮೊದಲ ಲೆಕ್ಕ. ನಮ್ಮ ಕ, ಚ, ಟ, ತ, ಪ ವರ್ಗಗಳು ಬಾಯಿಯ ಹಿಂದಿನಿಂದ ಮುಂದಕ್ಕೆ ಸಾಲಾಗಿ ನಿಂತಿರುವುದು ಇದೇ ಲೆಕ್ಕದಲ್ಲಿ. ಮದ್ರಸದಲ್ಲಿ ತಜ್ವೀದ್ ಕಲಿತವರಿಗೆ ‘ಮಖ್ರಜ್’ ಎಂಬ ಮಾತು ಗೊತ್ತಿರುತ್ತದೆ. ಅಂದರೆ ಅಕ್ಷರ ಹೊರಡುವ ಜಾಗ. ಎಂಟನೆಯ ಶತಮಾನದ ವ್ಯಾಕರಣಕಾರ ಸೀಬವೈಹಿ ಅರಬಿ ಅಕ್ಷರಗಳಿಗೆ ಅಂಥ 16 ಜಾಗಗಳನ್ನು ಗುರುತಿಸಿದ್ದರು. ಈ ನಕ್ಷೆ ಕೈಯಲ್ಲಿದ್ದರೆ, ಬೇಕಾದ ಧ್ವನಿಗಳನ್ನು ಆರಿಸಿ ಉಳಿದವನ್ನು ಬಿಡುವುದಷ್ಟೇ ಕೆಲಸ. ನನ್ನ ತಕರಾರು ಇರುವುದು ಆ ಆರಿಸುವುದರ ಬಗ್ಗೆ.

ಕಳೆದ ಬೇಸಿಗೆ ರಜೆಯಲ್ಲಿ ತಂಗಿಯ ಮಗ ಗೆಳೆಯರೊಡನೆ ಆಡಲಿಕ್ಕೆಂದು ಎರಡು ಭಾಷೆ ತಯಾರಿಸುತ್ತಿದ್ದ. ನೋಟುಬುಕ್ಕಿನಲ್ಲಿ ಎರಡು ಕಾಲಂ. ಒಳ್ಳೆಯವರ ಭಾಷೆಗೆ ಲ, ಮ, ನ, ಯ. ರಾಕ್ಷಸರಿಗೆ ಖ, ಘ, ಜೊತೆಗೆ ಗಂಟಲಿನ ಆಳದಿಂದ ಬರುವ ಒಂದು ಸದ್ದು. ಅದಕ್ಕೆ ಕನ್ನಡದಲ್ಲಿ ಅಕ್ಷರ ಸಿಗದೆ ಅವನು ಬಾಯಿ ತೆರೆದು ತೋರಿಸಿದ. ತಸ್ಬೀಹ್ ಹಿಡಿದು ಚಾವಡಿಯಲ್ಲಿ ಕೂತಿದ್ದ ಉಮ್ಮ ಥಟ್ಟನೆ, “ಮೋನೇ, ಅದು ಖಾಫ್ ಅಲ್ಲವಾ? ನಿನಗೆ ಖಾಫ್ ಬರುವುದೇ ಇಲ್ಲ ಎಂದು ಉಸ್ತಾದರು ದೂರುತ್ತಿದ್ದರು. ಇಲ್ಲಿ ಇಷ್ಟು ಚೆನ್ನಾಗಿ ಬರುತ್ತಿದೆ!” ಎಂದರು. ಹುಡುಗ ನಾಚಿ ಓಡಿಹೋದ.

ಉಮ್ಮ ಹೇಳಿದ್ದು ಸರಿ. ಅದು ಕುರ್‌ಆನ್ ಎಂಬ ಹೆಸರಿನ ಮೊದಲ ಅಕ್ಷರದ ಧ್ವನಿ. ಆದರೆ ಈ ವಿಂಗಡಣೆ ಹುಡುಗನದೇ ಅಲ್ಲ. ಟೋಲ್ಕಿನ್ ತಮ್ಮ ಕಥೆಗಳ ಎಲ್ಫ್‌ಗಳಿಗೆ ಫಿನ್ನಿಷ್ ಮತ್ತು ವೆಲ್ಷ್ ಭಾಷೆಗಳ ಇಂಪನ್ನು ಕೊಟ್ಟರು, ದುಷ್ಟರಿಗೆ ಕರ್ಕಶ ನುಡಿಯನ್ನಿಟ್ಟರು. 1984ರ ‘ಸ್ಟಾರ್ ಟ್ರೆಕ್’ ಚಿತ್ರಕ್ಕಾಗಿ ಭಾಷಾವಿಜ್ಞಾನಿ ಮಾರ್ಕ್ ಓಕ್ರಂಡ್ ರೂಪಿಸಿದ ಕ್ಲಿಂಗಾನ್ ಭಾಷೆಯ ಧ್ವನಿಪಟ್ಟಿ ನೋಡಿದರೆ ಇನ್ನೂ ಸ್ವಾರಸ್ಯ. ಅದರಲ್ಲಿ ಖಾಫ್ ಇದೆ, ಗೈನ್ ಇದೆ, ಅರಬಿಯ ಖಾ ಇದೆ. ನಾಲಗೆ ಮಡಚಿ ಹೇಳುವ ನಮ್ಮ ‘ಡ’ ಸಹ ಇದೆ. ‘ಕ’ ಮಾತ್ರ ಇಲ್ಲ, ಹಾಗಾಗಿ ಕ್ಲಿಂಗಾನರು ತಮ್ಮನ್ನು ಕ್ಲಿಂಗಾನ್ ಎಂದು ಕರೆದುಕೊಳ್ಳಲಾರರು! ಓಕ್ರಂಡ್ ಸಂಶೋಧನೆ ಮಾಡಿದ್ದು ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳ ಭಾಷೆಯೊಂದರ ಮೇಲೆ. ಅವರಲ್ಲಿ ದ್ವೇಷವಿತ್ತು ಎಂದು ನಾನು ಹೇಳುವುದಿಲ್ಲ. ಕೇಳಿದೊಡನೆ ಅನ್ಯಗ್ರಹದ್ದೆನಿಸುವ ಭಾಷೆ ಬೇಕಿತ್ತು, ಕಟ್ಟಿಕೊಟ್ಟರು. ಆದರೆ ಅನ್ಯ ಎನಿಸಬೇಕಾದದ್ದು ಇಂಗ್ಲಿಷ್ ಕಿವಿಗೆ. ಉಮ್ಮನ ಕಿವಿಗೆ ಅದು ದಿನಕ್ಕೆ ಐದು ಹೊತ್ತು ಕೇಳುವ ಧ್ವನಿ.

ವಾಕ್ಯರಚನೆಯಲ್ಲೂ ಅದೇ ಜಾಣತನ. ಕ್ಲಿಂಗಾನಿನಲ್ಲಿ ಕರ್ಮ ಮೊದಲು, ಆಮೇಲೆ ಕ್ರಿಯೆ, ಕೊನೆಗೆ ಕರ್ತೃ. ಲೋಕದ ಭಾಷೆಗಳಲ್ಲಿ ಇದು ಬಲು ಅಪರೂಪ. ನಮಗೆ ಮಾತ್ರ ‘ಅನ್ನವನ್ನು ಉಂಡಳು ಅಕ್ಕ’ ಎಂದರೆ ಏನೂ ಗಾಬರಿಯಾಗುವುದಿಲ್ಲ. ‘ಅನ್ನು’ ಪ್ರತ್ಯಯ ಇರುವವರೆಗೆ ಪದಗಳು ಎಲ್ಲಿ ಬೇಕಾದರೂ ಕೂರಬಹುದು.

2015ರ ‘ಬಾಹುಬಲಿ’ಯ ಕಾಲಕೇಯರಿಗಾಗಿ ಮದನ್ ಕಾರ್ಕಿ ಕಿಲಿಕಿ ಭಾಷೆ ಕಟ್ಟಿದರು. ಸುಮಾರು 750 ಪದ, 40 ವ್ಯಾಕರಣ ನಿಯಮ ಎಂದು ಆಗ ಪತ್ರಿಕೆಗಳಲ್ಲಿ ಬಂದಿತ್ತು. ಕೆಲಸ ಅಚ್ಚುಕಟ್ಟು. ಆದರೆ ಕಪ್ಪು ಬಳಿದ ಆ ದೈತ್ಯರು ನಾಲಗೆಯಲ್ಲಿ ಲೊಚಗುಟ್ಟುವಾಗ ನನಗೆ ನೆನಪಾಗುವುದು ನೆಲ್ಸನ್ ಮಂಡೇಲಾ. ಅವರ ಮಾತೃಭಾಷೆಯಲ್ಲಿ ಇಂಥ ಸದ್ದುಗಳು ದಿನಬಳಕೆಯ ವ್ಯಂಜನಗಳು.

ನಮ್ಮ ಕನ್ನಡ ಸಿನಿಮಾದವರೂ ಒಂದು ಭಾಷೆ ಸೃಷ್ಟಿಸಿದ್ದಾರೆ. ಅದನ್ನು ಯಾರೂ ಆ ಪಟ್ಟಿಗೆ ಸೇರಿಸುವುದಿಲ್ಲ. ಅದು ತೆರೆಯ ಮೇಲಿನ ‘ಸಾಬಿ’ಯ ಕನ್ನಡ. ‘ನಮ್ದುಕೆ ಗೊತ್ತಿಲ್ಲ’, ‘ನಿಮ್ದುಕೆ ಏನ್ ಬೇಕು’ ಎಂಬುದು ಅದರ ವ್ಯಾಕರಣ. ಸರ್ವನಾಮ ಯಾವುದಿದ್ದರೂ ‘ದು’, ಅದರ ಮೇಲೊಂದು ‘ಕೆ’. ಇದು ಪೂರ್ತಿ ಗಾಳಿಯಿಂದ ಹುಟ್ಟಿದ್ದಲ್ಲ. ದಖನಿಯ ‘ಮೇರೆಕು’ ಎಂಬುದನ್ನು ಬಿಡಿಸಿದರೆ ‘ಮೇರೆ’ ಎಂಬ ಷಷ್ಠಿಯ ಮೇಲೆ ‘ಕು’ ಕೂತಿರುವುದು ಕಾಣುತ್ತದೆ. ಮನೆಯಲ್ಲಿ ದಖನಿ ಆಡಿ ಕನ್ನಡವನ್ನು ಸಂತೆಯಲ್ಲಿ ಕಲಿತವನೊಬ್ಬ ಆ ಅಚ್ಚಿನಲ್ಲೇ ಕನ್ನಡವನ್ನು ಎರಕ ಹೊಯ್ದರೆ ಬರುವುದು ‘ನಮ್ದುಕೆ’. ಅದರಲ್ಲಿ ತರ್ಕವಿದೆ, ದುಡಿಮೆಯಿದೆ. ಸಿನಿಮಾ ಆ ತರ್ಕವನ್ನು ಬಿಟ್ಟು ನಗೆಯನ್ನಷ್ಟೇ ಎತ್ತಿಕೊಂಡು ಎಲ್ಲ ಮುಸ್ಲಿಮರ ಬಾಯಿಗೂ ತುರುಕಿತು. ನಿಸಾರ್ ಅಹಮದ್ ಕವಿತೆ ಬರೆಯುತ್ತಿದ್ದ, ಸಾರಾ ಅಬೂಬಕ್ಕರ್ ಕಾದಂಬರಿ ಬರೆಯುತ್ತಿದ್ದ, ಮುಂದೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕ್ ಕಥೆ ಬರೆಯುತ್ತಿದ್ದ ಅದೇ ದಶಕಗಳಲ್ಲಿ ಇದು ನಡೆದಿತ್ತು. ಬ್ಯಾರಿ ಮಾತಾಡುವ ಕರಾವಳಿಯ ನಮಗೆ ‘ನಮ್ದುಕೆ’ ಗೊತ್ತೇ ಇರಲಿಲ್ಲ. ಆದರೂ ಕಾಲೇಜಿನಲ್ಲಿ ಗೆಳೆಯರು ನನ್ನನ್ನು ಕಂಡರೆ ಹಾಗೆಯೇ ಮಾತಾಡುತ್ತಿದ್ದರು, ಪ್ರೀತಿಯಿಂದಲೇ.

ಎಲ್ಲರೂ ಕೂಡಲಿ ಎಂಬ ಆಸೆಯಿಂದ ಹುಟ್ಟಿದ್ದು ಎಸ್ಪೆರಾಂಟೊ. ರಷ್ಯನ್ನರು, ಪೋಲರು, ಜರ್ಮನ್ನರು, ಯಹೂದಿಗಳು ಪರಸ್ಪರ ಮುಖ ತಿರುಗಿಸಿಕೊಂಡಿದ್ದ ಬಿಯಾಲಿಸ್ಟಾಕ್ ಪಟ್ಟಣದಲ್ಲಿ ಬೆಳೆದ ಕಣ್ಣಿನ ವೈದ್ಯ ಜಾಮೆನ್‌ಹಾಫ್ 1887ರಲ್ಲಿ ಇದನ್ನು ಪ್ರಕಟಿಸಿದರು. ಕೇವಲ 16 ನಿಯಮ. ಆಸ್ಪತ್ರೆಗೆ ‘ಮಲ್‌ಸಾನುಲೆಯೊ’ ಎನ್ನುತ್ತಾರೆ. ‘ಸಾನ್’ ಎಂದರೆ ಆರೋಗ್ಯ, ‘ಮಲ್’ ಅದರ ವಿರುದ್ಧ, ‘ಉಲ್’ ವ್ಯಕ್ತಿ, ‘ಎಯ್’ ಜಾಗ, ‘ಓ’ ನಾಮಪದದ ಗುರುತು. ನಮ್ಮ ‘ಅನ್ನು’ ಮಾಡುವ ಕೆಲಸವನ್ನು ಅಲ್ಲಿ ಒಂದು ‘ನ್’ ಮಾಡುತ್ತದೆ. ಕನ್ನಡಿಗರಿಗೆ ಕಷ್ಟವೇನಿಲ್ಲ. ಆದರೂ ಅದರ ಧ್ವನಿಗಳಲ್ಲಿ ಜಾಮೆನ್‌ಹಾಫರ ಸುತ್ತಮುತ್ತಲಿನ ಭಾಷೆಗಳೇ ಕೇಳಿಸುತ್ತವೆ. ರ, ಲ ಬೇರೆ ಮಾಡಲು ಜಪಾನೀಯರು ಒದ್ದಾಡಬೇಕು. ಅರಬಿಯ ಖಾದಂಥ ಒಂದು ಧ್ವನಿಯನ್ನೂ ಅವರು ಇಟ್ಟಿದ್ದರು. ಬಳಸುವವರ ಬಾಯಲ್ಲಿ ಅದು ನಿಧಾನವಾಗಿ ‘ಕ’ ಆಗುತ್ತ ಬಂದಿದೆ. ಯುದ್ಧದ ಭಾಷೆಯಲ್ಲಿ ಗಟ್ಟಿಯಾಗಿ ಕೂತ ಅಕ್ಷರ ಶಾಂತಿಯ ಭಾಷೆಯಿಂದ ಸದ್ದಿಲ್ಲದೆ ಜಾರುತ್ತಿದೆ.

ಇವೆಲ್ಲಕ್ಕಿಂತ ಹಳೆಯದು ‘ಬಾಲೈಬಲನ್’. ಹದಿನಾರನೆಯ ಶತಮಾನದಲ್ಲಿ ಕೈರೋದಲ್ಲಿ ನೆಲೆಸಿದ್ದ ಸೂಫಿ ಮುಹ್ಯಿ ಗುಲ್ಶನಿ ಅದನ್ನು ರಚಿಸಿದರೆಂದು ವಿದ್ವಾಂಸರು ಹೇಳುತ್ತಾರೆ. ಹೆಸರಿನ ಅರ್ಥ ‘ಜೀವ ಕೊಡುವವನ ಭಾಷೆ’. ಪದಗಳು ಬಹುಪಾಲು ಹೊಸವು, ವ್ಯಾಕರಣದಲ್ಲಿ ಅರಬಿ, ಫಾರಸಿ, ತುರ್ಕಿಗಳ ನೆರಳಿದೆ, ಬರೆದದ್ದು ಅರಬಿ ಲಿಪಿಯಲ್ಲಿ. ನಿಘಂಟಿನ ಹಸ್ತಪ್ರತಿಗಳು ಪ್ಯಾರಿಸ್ ಮತ್ತು ಪ್ರಿನ್ಸ್‌ಟನ್‌ನಲ್ಲಿವೆ. ತಂಗಿಯ ಮಗನಿಗೆ ಇದನ್ನು ಹೇಳಿದಾಗ ಅವನು ಕೇಳಿದ್ದು ಒಂದೇ: “ಮಾಮ, ಅದನ್ನು ಮಾತಾಡುತ್ತಿದ್ದವರು ಒಳ್ಳೆಯವರಾ, ಕೆಟ್ಟವರಾ?”